ಏಳು ತರಬೇತಿ ಮುಗಿದವು, ಸಂಸ್ಥೆ ಇದ್ದಲ್ಲೇ ಇದೆ

ಪ್ರಶ್ನೆ: ನಮ್ಮೂರು ಮಂಡ್ಯದ ಹತ್ತಿರ. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ನರ್ಸ್ ಆಗಿದ್ದೇನೆ. 2024ರ ಆಗಸ್ಟಿನಲ್ಲಿ ಮಿಡಲ್ಸ್‌ಬರೋದಲ್ಲಿ ಗಲಭೆಯಾದ ದಿನ, ಡ್ಯೂಟಿ ಮುಗಿದರೂ ಮನೆಗೆ ಹೊರಡಲು ಹೆದರಿ ವಾರ್ಡಿನಲ್ಲೇ ಕೂತಿದ್ದೆ. ಆಮೇಲೆ ಇಲ್ಲಿನ ಜನಾಂಗೀಯ ಸಮಾನತೆಯ ಸಂಸ್ಥೆಯೊಂದಕ್ಕೆ ಟ್ರಸ್ಟಿಯಾಗಿ ಸೇರಿದೆ. ಐದಾರು ಊರುಗಳ ಸಣ್ಣ ಗುಂಪುಗಳಿಗೆಲ್ಲ ನಮ್ಮದೇ ಪ್ರಾದೇಶಿಕ ಸಂಸ್ಥೆ. ಒಬ್ಬರು ಮ್ಯಾನೇಜರ್, ಒಬ್ಬ ಪಾರ್ಟ್‌ಟೈಮ್ ಹುಡುಗ, ಸಂಬಳ ಪಡೆಯುವವರು ಇಷ್ಟೇ. ‘ಕೆಪ್ಯಾಸಿಟಿ ಬಿಲ್ಡಿಂಗ್’ (ಸಂಸ್ಥೆಯ ಶಕ್ತಿ ಹೆಚ್ಚಿಸುವುದು) ಹೆಸರಿನ ಏಳು ತರಬೇತಿಗೆ ಹೋಗಿಬಂದೆವು. ಆದರೂ ಮಾರ್ಚ್ ಬಂತೆಂದರೆ ಬಾಗಿಲು ಹಾಕಬೇಕೇನೋ ಎನ್ನುವ ಪರಿಸ್ಥಿತಿ. ಈಗ ಎಂಟನೆಯದಕ್ಕೆ ಆಹ್ವಾನ ಬಂದಿದೆ. ಊರಿನ ಆಡಳಿತ ನೋಡುವ ಕೌನ್ಸಿಲ್‌ನವರು ‘ಬರೀ ಕರಿಯರು, ಏಷ್ಯನ್ನರಿಗೆ ಅಂತ ಬೇರೆ ಸಂಸ್ಥೆ ಯಾಕೆ, ಎಲ್ಲರಿಗೂ ಆಗುವ ಸಂಸ್ಥೆಯ ಜೊತೆ ಸೇರಿಬಿಡಿ’ ಅನ್ನುತ್ತಿದ್ದಾರೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ತರಬೇತಿಗಳ ಕೋಣೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಗೋಡೆಗೆ ಅಂಟಿಸಿದ ದೊಡ್ಡ ಹಾಳೆ, ಅದರ ಮೇಲೆ ಹಳದಿ ಚೀಟಿಗಳು, ಮಧ್ಯಾಹ್ನ ತಣ್ಣಗಿನ ಸ್ಯಾಂಡ್‌ವಿಚ್, ನಾಲ್ಕು ಗಂಟೆಗೆ ಒಂದು ಫೀಡ್‌ಬ್ಯಾಕ್ ಫಾರಂ. ಇಪ್ಪತ್ತು ವರ್ಷದಲ್ಲಿ ಅಲ್ಲಿ ಕುರ್ಚಿಯ ಮೇಲೆ ಕೂತವರ ಜೊತೆಗೂ ಇದ್ದೆ, ಮುಂದೆ ನಿಂತು ಮಾರ್ಕರ್ ಹಿಡಿದವನೂ ಆಗಿದ್ದೆ. ಹಾಗಾಗಿ ಬೈಯುವಾಗ ನನ್ನನ್ನೂ ಸೇರಿಸಿಕೊಂಡೇ ಬೈಯುತ್ತೇನೆ.

ಅಲ್ಲಿ ಹೇಳಿಕೊಡುವುದು ತಪ್ಪೇನಲ್ಲ. ಆದರೆ ಸಣ್ಣ ಸಂಸ್ಥೆಯವರಿಗೆ ಏನೂ ಗೊತ್ತಿಲ್ಲ, ಕಲಿಸಿದರೆ ಸರಿಹೋಗುತ್ತದೆ ಎಂದು ಹಣ ಕೊಡುವವರು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. ನಿಮ್ಮ ಮ್ಯಾನೇಜರ್‌ಗೆ ಗೊತ್ತಿಲ್ಲದ್ದು ಬಹಳ ಇರಲಾರದು. ಬೆಳಿಗ್ಗೆ ಕೋರ್ಟಿಗೆ ಹೋಗುವವರ ಜೊತೆ ಹೋಗಿ, ಮಧ್ಯಾಹ್ನ ಪೊಲೀಸರ ಸಭೆಯಲ್ಲಿ ಕೂತು, ರಾತ್ರಿ ಮನೆಯಲ್ಲಿ ಸಂಬಳದ ಲೆಕ್ಕ ಬರೆಯುವಾಕೆಗೆ ಬೇಕಿರುವುದು ವಾರಕ್ಕೊಂದು ಖಾಲಿ ದಿನ. ಇರುವ ಒಂದು ದಿನವನ್ನೂ ತರಬೇತಿ ಕಿತ್ತುಕೊಳ್ಳುತ್ತದೆ.

ಎಲ್ಲಿಂದ ಶುರು ಮಾಡಲಿ ಎಂದಿರಿ. ಒಂದು ಫೋನ್ ಕರೆಯ ಬೆನ್ನು ಹತ್ತಿ. ಕಳೆದ ಒಂದೆರಡು ತಿಂಗಳಲ್ಲಿ ನಿಮ್ಮ ಆಫೀಸಿಗೆ ಬಂದ ಯಾವುದಾದರೂ ಒಂದು ದೂರು ತೆಗೆದುಕೊಳ್ಳಿ. ವೃದ್ಧರನ್ನು ನೋಡಿಕೊಳ್ಳುವ ಕೇರ್ ಹೋಮಿನಲ್ಲಿ ಕೆಲಸ ಮಾಡುವ ನೈಜೀರಿಯಾದ ಹೆಣ್ಣುಮಗಳು ಫೋನ್ ಮಾಡಿದಳು ಅಂತಿಟ್ಟುಕೊಳ್ಳಿ. ವಾರಾಂತ್ಯದ ರಾತ್ರಿ ಪಾಳಿಯೆಲ್ಲ ತಮ್ಮಂಥವರಿಗೇ ಬೀಳುತ್ತಿದೆ, ಕೇಳಿದರೆ ವೀಸಾದ ಮಾತೆತ್ತಿ ಹೆದರಿಸುತ್ತಾರೆ ಎಂದಳು. ಆ ಕರೆಯನ್ನು ಯಾರು ತೆಗೆದುಕೊಂಡರು? ಎಲ್ಲಿ ಬರೆದಿಟ್ಟರು? ಆರು ತಿಂಗಳ ನಂತರ ಅದೇ ಕೇರ್ ಹೋಮಿನಿಂದ ಇನ್ನೊಬ್ಬಳು ಫೋನ್ ಮಾಡಿದರೆ ಮೊದಲನೆಯವಳ ಮಾತು ಯಾರಿಗಾದರೂ ನೆನಪಾಗುತ್ತದೆಯೇ? ಎರಡನ್ನೂ ಜೋಡಿಸಿ, ತೀರ್ಮಾನ ಮಾಡುವ ಅಧಿಕಾರವಿರುವ ಒಬ್ಬರ ಮೇಜಿನ ಮೇಲೆ ಯಾವತ್ತಾದರೂ ಇಟ್ಟಿದ್ದೀರಾ? ಈ ದಾರಿ ಎಲ್ಲಿ ಕಡಿದುಹೋಗಿದೆಯೋ ಅಲ್ಲಿ ರಿಪೇರಿ ಶುರು ಮಾಡಿ. ನಾನು ನೋಡಿದ ಸಂಸ್ಥೆಗಳಲ್ಲಿ ಹೆಚ್ಚಿನವು ಎರಡನೇ ಪ್ರಶ್ನೆಯಲ್ಲೇ ಮುಗ್ಗರಿಸುತ್ತವೆ.

ಮಿಡ್‌ಲ್ಯಾಂಡ್ಸ್‌ನ ಒಂದು ಸಂಸ್ಥೆಯಲ್ಲಿ ಹದಿನೇಳು ವರ್ಷ ದುಡಿದ ಹಿರಿಯಕ್ಕ ನಿವೃತ್ತಿಯಾದರು. ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಆಫೀಸು. ಹೊರಡುವ ದಿನ ನನ್ನ ಕೈಗೆ ಕೊಟ್ಟಿದ್ದು ಒಂದು ರಟ್ಟಿನ ಪೆಟ್ಟಿಗೆ, ಬೀಗದ ಕೈ ಗೊಂಚಲು, ಗಾಜು ಒಡೆದ ಹಳೆಯ ಮೊಬೈಲು. ಮೊಬೈಲ್ ತೆರೆದರೆ ನಾನೂರಕ್ಕೂ ಮೀರಿ ನಂಬರು. ಹೆಸರುಗಳೇ ಇಲ್ಲ! ‘ಹಸಿರು ಬಾಗಿಲಿನ ಆಂಟಿ’, ‘ಮಸೀದಿ ಅಂಕಲ್ ಎರಡು’, ‘ಒಳ್ಳೆ ಪೊಲೀಸ್’, ‘ಕೆಟ್ಟ ಪೊಲೀಸ್’. ಆಕೆಯ ಪಾಲಿಗೆ ಅದು ಪಕ್ಕಾ ರಿಜಿಸ್ಟರು. ನಮ್ಮ ಪಾಲಿಗೆ ಒಗಟು. ಹಸಿರು ಬಾಗಿಲಿನ ಆಂಟಿ ಯಾರೆಂದು ತಿಳಿಯಲು ಮೂರು ತಿಂಗಳು ಹಿಡಿಯಿತು, ಅಷ್ಟರಲ್ಲಿ ಅವರು ಬಾಗಿಲಿಗೆ ನೀಲಿ ಬಣ್ಣ ಬಳಿಸಿದ್ದರು. ಊರಿನ ಅರ್ಧದಷ್ಟು ಜನರ ನಂಬಿಕೆ ಗಳಿಸಿದ್ದ ಸಂಸ್ಥೆ ಒಂದು ಶುಕ್ರವಾರ ಸಂಜೆಗೆ ಹೊಸ ಸಂಸ್ಥೆಯಂತಾಯಿತು.

ಆಕೆಯ ತಪ್ಪೇನೂ ಇರಲಿಲ್ಲ. ಬರೆದಿಡುವ ಕೆಲಸಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಇದು ಅರ್ಥವಾಗಬೇಕಾದರೆ ಈ ಸಂಸ್ಥೆಗಳಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು, ಎಲ್ಲಿ ನಿಂತಿತು ಎಂಬುದನ್ನು ಸ್ವಲ್ಪ ನೋಡಬೇಕು.

1968ರ ಜನಾಂಗೀಯ ಸಂಬಂಧಗಳ ಕಾಯಿದೆಯಡಿ ಬಂದ ಆಯೋಗ ಊರೂರಿನ ಸಮುದಾಯ ಸಂಬಂಧ ಮಂಡಳಿಗಳಿಗೆ ಹಣ ಕೊಡುತ್ತಿತ್ತು. 1976ರ ಕಾಯಿದೆಯಿಂದ ಕಮಿಷನ್ ಫಾರ್ ರೇಷಿಯಲ್ ಈಕ್ವಾಲಿಟಿ ಹುಟ್ಟಿ ಆ ಜವಾಬ್ದಾರಿ ಹೊತ್ತಿತು. ಆ ಮಂಡಳಿಗಳೇ ಮುಂದೆ ರೇಷಿಯಲ್ ಈಕ್ವಾಲಿಟಿ ಕೌನ್ಸಿಲ್‌ಗಳಾದವು. ದೊಡ್ಡ ಮೊತ್ತವಲ್ಲ. ಆದರೂ ಒಬ್ಬ ಅಧಿಕಾರಿಯ ಸಂಬಳಕ್ಕೆ, ಆಫೀಸಿನ ಬಾಡಿಗೆಗೆ ವರ್ಷ ವರ್ಷವೂ ಬರುತ್ತಿತ್ತು. 2007ರ ಅಕ್ಟೋಬರಿನಲ್ಲಿ ಆ ಕಮಿಷನ್ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗದೊಳಗೆ ಲೀನವಾಯಿತು. ಹೊಸ ಆಯೋಗವೂ ಕೆಲಕಾಲ ಗ್ರಾಂಟ್ ಕೊಟ್ಟು ಆಮೇಲೆ ಕೈಬಿಟ್ಟಿತು.

ಇನ್ನೊಂದು ಕಡೆ ಲೇಬರ್ ಸರ್ಕಾರ 2004ರಲ್ಲಿ ‘ಚೇಂಜ್‌ಅಪ್’ ಎಂಬ ಯೋಜನೆ ತಂದಿತು, ಅದನ್ನು ನಡೆಸಲು 2006ರಲ್ಲಿ ಕೆಪ್ಯಾಸಿಟಿಬಿಲ್ಡರ್ಸ್ ಎಂಬ ಸರ್ಕಾರಿ ಸಂಸ್ಥೆಯನ್ನೇ ಕಟ್ಟಿತು. ಈ ಪದ ಎಲ್ಲರ ಬಾಯಲ್ಲಿ ನೆಲೆಯಾಗಿದ್ದು ಆ ಕಾಲದಲ್ಲಿ. ಈಶಾನ್ಯ, ನೈಋತ್ಯ, ಯಾರ್ಕ್‌ಶೈರ್ ಹೀಗೆ ಪ್ರದೇಶಕ್ಕೊಂದು ಸರ್ಕಾರಿ ಕಚೇರಿಯೂ ಆಗ ಇತ್ತು, ಅವರೆದುರು ಕೂತು ಮಾತಾಡಲು ಪ್ರದೇಶಕ್ಕೊಂದು ಕಪ್ಪು-ಏಷ್ಯನ್ ಸಂಸ್ಥೆಗಳ ಜಾಲವೂ ಬೇಕಿತ್ತು. 2010ರಲ್ಲಿ ಸರ್ಕಾರ ಬದಲಾಯಿತು. ಪ್ರಾದೇಶಿಕ ಕಚೇರಿಗಳಿಗೆ ಬೀಗ ಬಿತ್ತು, 2011ರಲ್ಲಿ ಕೆಪ್ಯಾಸಿಟಿಬಿಲ್ಡರ್ಸ್ ಮುಚ್ಚಿತು, 2012ಕ್ಕೆ ಪ್ರಾದೇಶಿಕ ಅಭಿವೃದ್ಧಿ ಏಜೆನ್ಸಿಗಳೂ ಹೋದವು. ನಿಮ್ಮಂಥ ಸಂಸ್ಥೆಗಳಿಗೆ ಹಣವೂ ಹೋಯಿತು, ಎದುರಿಗೆ ಕೂರುವವರೂ ಹೋದರು. ಉಳಿದುಕೊಂಡಿದ್ದು ಆ ಪದ, ಮತ್ತೆ ಹಳದಿ ಚೀಟಿ.

ಈಗ ಉಳಿದಿರುವುದು ಒಂದೊಂದೇ ಪ್ರಾಜೆಕ್ಟಿಗೆ, ಒಂದೊಂದೇ ವರ್ಷಕ್ಕೆ ಸಿಗುವ ಗ್ರಾಂಟ್. ಮಾರ್ಚ್ ಬಂದರೆ ನಿಮಗೆ ಎದೆ ಹೊಡೆದುಕೊಳ್ಳುವುದು ಇದರಿಂದಲೇ. ಇದರ ಲೆಕ್ಕವನ್ನೊಮ್ಮೆ ಬಿಡಿಸಿ ನೋಡೋಣ. ಅಂಕಿ ಉದಾಹರಣೆಗೆ ಅಷ್ಟೇ, ನಿಮ್ಮದನ್ನು ನೀವು ಹಾಕಿಕೊಳ್ಳಿ. ಒಬ್ಬಳು ಪ್ರಾಜೆಕ್ಟ್ ವರ್ಕರ್‌ಗೆ ಅಂತ 30,000 ಪೌಂಡ್ ಗ್ರಾಂಟ್ ಸಿಕ್ಕಿತು ಅನ್ನಿ. ಸಂಬಳ 26,000, ಓಡಾಟಕ್ಕೆ, ಸಭೆಗಳ ಹಾಲ್ ಬಾಡಿಗೆಗೆ 4,000. ಸರಿಹೋಯಿತಲ್ಲ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಆ ಹುಡುಗಿಯ ಪೆನ್ಷನ್‌ಗೆ ಮಾಲೀಕರ ಪಾಲು ಸುಮಾರು 600. ಅವಳ ಕೆಲಸ ನೋಡಿಕೊಳ್ಳಲು, ಫಂಡರ್‌ಗೆ ವರದಿ ಬರೆಯಲು ನಿಮ್ಮ ಮ್ಯಾನೇಜರ್‌ಗೆ ವಾರದಲ್ಲಿ ಒಂದು ದಿನ ಹೋಗುತ್ತದೆ. ಮ್ಯಾನೇಜರ್ ಸಂಬಳ 35,000 ಆದರೆ ಆ ಒಂದು ದಿನದ ಬೆಲೆ 7,000. ಆಫೀಸ್ ಬಾಡಿಗೆ, ವಿಮೆ, ಇಂಟರ್ನೆಟ್, ಅಕೌಂಟೆಂಟ್ ಖರ್ಚಿನಲ್ಲಿ ಅವಳ ಪಾಲು 5,000. ಒಟ್ಟು 42,600. ಅಂದರೆ 30,000 ಗೆದ್ದು ಬಂದ ಖುಷಿಯಲ್ಲಿ ನೀವು 12,600 ಕಳೆದುಕೊಂಡಿರಿ. ಇಂಥ ಗ್ರಾಂಟ್ ಮೂರು ಗೆದ್ದರೆ ಸಂಸ್ಥೆ ಮುಳುಗುತ್ತದೆ, ಗೆದ್ದುಕೊಂಡೇ ಮುಳುಗುತ್ತದೆ.

ಆದ್ದರಿಂದ ಅರ್ಜಿ ಬರೆಯುವಾಗ ಪೂರ್ತಿ ಖರ್ಚನ್ನು ಬರೆಯಿರಿ, ನಾಚಿಕೆ ಬೇಡ. ‘ಓವರ್‌ಹೆಡ್’ ಎಂದು ಒಂದೇ ಸಾಲಿನಲ್ಲಿ ಶೇಕಡ ಹಾಕಿದರೆ ಅದನ್ನೇ ಕತ್ತರಿಸುತ್ತಾರೆ. ಮ್ಯಾನೇಜರ್‌ನ ಒಂದು ದಿನ, ಬಾಡಿಗೆಯ ಪಾಲು ಎಂದು ಬಿಡಿಸಿ ಬರೆದರೆ ಕತ್ತರಿಸುವ ಮುಂಚೆ ಕಾರಣ ಹುಡುಕಬೇಕಾಗುತ್ತದೆ. ಪ್ರಾಜೆಕ್ಟಿಗೆ ಕಟ್ಟಿಹಾಕದ, ಮೂರು ವರ್ಷಕ್ಕೋ ಐದು ವರ್ಷಕ್ಕೋ ಸಿಗುವ ಹಣವನ್ನು ಮೊದಲು ಹುಡುಕಿ. ಮೊತ್ತ ಸಣ್ಣದಾದರೂ ಅದೇ ಇರಲಿ. ವರ್ಷಕ್ಕೆ ಹದಿನೈದು ಸಾವಿರ ಹಾಗೆ ಸಿಕ್ಕಿದರೆ ಒಂದೇ ವರ್ಷದ ಐವತ್ತು ಸಾವಿರಕ್ಕಿಂತ ಮೇಲು ಎಂದು ನಾನು ಹೇಳುತ್ತೇನೆ, ಖಜಾಂಚಿಗಳು ನನ್ನ ಜೊತೆ ಜಗಳವಾಡುತ್ತಾರೆ.

ಇನ್ನು ಬರೆದಿಡುವ ವಿಷಯ. ನನ್ನ ಪ್ರಕಾರ ಪ್ರಾದೇಶಿಕ ಸಂಸ್ಥೆಯ ಜೀವ ಇರುವುದೇ ಇಲ್ಲಿ. ಊರಿನ ಸಣ್ಣ ಗುಂಪಿಗೆ ತನ್ನೂರಿನ ಒಂದೆರಡು ದೂರು ಗೊತ್ತಿರುತ್ತವೆ. ಆ ಐದಾರು ಊರಿನ ದೂರನ್ನು ಒಟ್ಟಿಗೆ ನೋಡಬಲ್ಲವರು ನೀವೊಬ್ಬರೇ. ಆ ನೋಟ ಇಲ್ಲದಿದ್ದರೆ ‘ಪ್ರಾದೇಶಿಕ’ ಎಂಬುದು ಲೆಟರ್‌ಹೆಡ್ಡಿನ ಮೇಲಿನ ಪದ ಮಾತ್ರ.

ನಾವು ಕೆಲಸ ಮಾಡುತ್ತಿದ್ದ ಕಡೆ ಮೂರು ವರ್ಷದಿಂದ ಒಂದು ದೂರು ಬರುತ್ತಲೇ ಇತ್ತು. ಜಿಪಿ (ಬಡಾವಣೆಯ ಡಾಕ್ಟರ್) ಹತ್ತಿರ ಹೋದರೆ ದುಭಾಷಿ ಇಲ್ಲ, ಮಗನನ್ನೋ ಮಗಳನ್ನೋ ಕರೆತನ್ನಿ ಅಂತಾರೆ ಎಂದು. ಶಾಲೆ ಬಿಟ್ಟು ಬಂದ ಹುಡುಗಿ ತಾಯಿಯ ಗರ್ಭಕೋಶದ ತೊಂದರೆಯನ್ನು ಡಾಕ್ಟರ್‌ಗೆ ಅನುವಾದ ಮಾಡಬೇಕು. ತಾಯಿ ಅರ್ಧ ಹೇಳುತ್ತಾಳೆ, ಮಗಳು ನಾಚಿಕೊಂಡು ಅದರಲ್ಲಿ ಅರ್ಧ ಹೇಳುತ್ತಾಳೆ, ಡಾಕ್ಟರ್ ಕಾಲುಭಾಗಕ್ಕೆ ಔಷಧಿ ಬರೆಯುತ್ತಾರೆ. ನೀವು ನರ್ಸ್, ನಿಮಗೆ ನಾನು ಹೇಳಬೇಕಿಲ್ಲ. ನಾವು ಪ್ರತಿ ಸಲ ಪತ್ರ ಬರೆದೆವು, ಪ್ರತಿ ಸಲ ‘ವಿಷಾದವಿದೆ, ಇದೊಂದು ಬಿಡಿ ಪ್ರಕರಣ’ ಎಂಬ ಉತ್ತರ ಬಂತು.

ಆಮೇಲೆ ಪಾರ್ಟ್‌ಟೈಮ್ ಬರುತ್ತಿದ್ದ ಹುಡುಗನೊಬ್ಬ ಒಂದು ಸ್ಪ್ರೆಡ್‌ಶೀಟ್ ತೆರೆದ. ತಾರೀಖು, ಊರು, ಯಾವ ಕ್ಲಿನಿಕ್, ಏನಾಯಿತು, ಅನುವಾದ ಮಾಡಿದವರ ವಯಸ್ಸು, ಆ ವ್ಯಕ್ತಿಗೆ ಏನಾಗಬೇಕಿತ್ತು. ಆರೇ ಕಾಲಂ. ಹೆಸರು, ವಿಳಾಸವನ್ನು ಬೀಗ ಹಾಕಿದ ಬೇರೆ ಫೈಲಿನಲ್ಲಿಟ್ಟ. ಒಂಬತ್ತು ತಿಂಗಳಿಗೆ ಹದಿನಾಲ್ಕು ಸಾಲು ತುಂಬಿದವು. ಅದರಲ್ಲಿ ಒಂಬತ್ತು ಎರಡೇ ಕ್ಲಿನಿಕ್ಕಿನವು! ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಆ ಎರಡು ಕ್ಲಿನಿಕ್ಕುಗಳು ವರ್ಷಕ್ಕೆ ಎಷ್ಟು ಸಲ ದುಭಾಷಿಯನ್ನು ಕರೆಸಿವೆ ಎಂದು ಕೇಳಿದೆವು. ಇಂಥ ಅರ್ಜಿಗೆ ಇಪ್ಪತ್ತು ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಬಂದ ಅಂಕಿ ಬೆರಳಿನಲ್ಲಿ ಎಣಿಸುವಷ್ಟಿತ್ತು. ಎರಡು ಹಾಳೆಯ ಟಿಪ್ಪಣಿ ಮಾಡಿ, ಆ ಸೇವೆಗೆ ಹಣ ಕೊಡುವವರ ಮುಂದಿಟ್ಟೆವು. ‘ಬಿಡಿ ಪ್ರಕರಣ’ ಎಂಬ ಮಾತು ಆ ದಿನ ಯಾರ ಬಾಯಿಂದಲೂ ಬರಲಿಲ್ಲ. ಎರಡು ತಿಂಗಳಲ್ಲಿ ಎರಡೂ ರಿಸೆಪ್ಷನ್‌ಗಳಲ್ಲಿ ದುಭಾಷಿಯ ಫೋನ್ ನಂಬರಿನ ಚೀಟಿ ಅಂಟಿತು.

ಆ ಟಿಪ್ಪಣಿಗೆ ಹಲ್ಲು ಕೊಟ್ಟಿದ್ದು 2010ರ ಸಮಾನತೆ ಕಾಯಿದೆಯ 149ನೇ ವಿಧಿ. ಯಾವುದೇ ಸಾರ್ವಜನಿಕ ಸಂಸ್ಥೆ ತೀರ್ಮಾನ ಮಾಡುವಾಗ ತಾರತಮ್ಯ ತೊಡೆಯುವುದು, ಅವಕಾಶದ ಸಮಾನತೆ ಹೆಚ್ಚಿಸುವುದು, ಜನರ ನಡುವೆ ಒಳ್ಳೆಯ ಸಂಬಂಧ ಬೆಳೆಸುವುದು, ಈ ಮೂರರ ಬಗ್ಗೆ ತಕ್ಕ ಗಮನ ಕೊಡಲೇಬೇಕು ಎನ್ನುತ್ತದೆ ಅದು. ಇಂಗ್ಲೆಂಡಿನಲ್ಲಿ ಕೌನ್ಸಿಲ್, ಪೊಲೀಸ್, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಡಳಿತಗಳು ಈ ಬಗ್ಗೆ ವರ್ಷಕ್ಕೊಮ್ಮೆ ಮಾಹಿತಿ ಪ್ರಕಟಿಸಬೇಕು, ನಾಲ್ಕು ವರ್ಷಕ್ಕೊಮ್ಮೆಯಾದರೂ ಗುರಿ ಹೇಳಬೇಕು. ನಿಮ್ಮ ಭಾಗದ ಕೌನ್ಸಿಲ್ ಬರೆದಿಟ್ಟ ಗುರಿ ಯಾವುವು ಎಂದು ಹುಡುಕಿ ಓದಿ. ಬರೆದವರೇ ಮರೆತಿರುತ್ತಾರೆ. ಅವರ ಮಾತನ್ನೇ ಅವರಿಗೆ ಓದಿ ಹೇಳುವುದರಲ್ಲಿ ಇರುವ ಬಲ ಘೋಷಣೆ ಕೂಗುವುದರಲ್ಲಿ ಇಲ್ಲ.

ಬರೆದಿಡುವಾಗ ಎಚ್ಚರವೂ ಬೇಕು. ಒಬ್ಬರ ಜನಾಂಗ, ಧರ್ಮ, ಆರೋಗ್ಯದ ವಿವರಗಳು ದತ್ತಾಂಶ ರಕ್ಷಣೆ ಕಾನೂನಿನಲ್ಲಿ ವಿಶೇಷ ವರ್ಗಕ್ಕೆ ಸೇರಿದವು. ಒಪ್ಪಿಗೆ ಕೇಳಿ, ಯಾರು ನೋಡಬಹುದು, ಎಷ್ಟು ದಿನ ಇಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ವಾಟ್ಸಾಪ್ ಗುಂಪಿನಲ್ಲಿ ಸಂತ್ರಸ್ತರ ಫೋಟೋ ಹಾಕುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ.

ಪೊಲೀಸರು ಬಂದು ‘ನಿಮ್ಮಲ್ಲೇ ದ್ವೇಷಾಪರಾಧದ ದೂರು ತೆಗೆದುಕೊಳ್ಳಿ’ ಎನ್ನಬಹುದು. ಲಂಡನ್ನಿನಲ್ಲಿ ಜನಾಂಗದ್ವೇಷಕ್ಕೆ ಬಲಿಯಾದ ಕರಿಯ ಹುಡುಗ ಸ್ಟೀಫನ್ ಲಾರೆನ್ಸ್ ಕೊಲೆಯ ತನಿಖೆ ಕುರಿತ 1999ರ ಮ್ಯಾಕ್‌ಫರ್ಸನ್ ವರದಿ, ಠಾಣೆಯ ಹೊರಗೂ ದೂರು ಕೊಡುವಂತಿರಬೇಕು ಎಂದು ಹೇಳಿತ್ತು. ಸಂತ್ರಸ್ತರಿಗಾಗಲಿ ಇನ್ಯಾರಿಗಾಗಲಿ ಜನಾಂಗೀಯ ಎನಿಸಿದರೆ ಅದನ್ನು ಹಾಗೆಂದೇ ದಾಖಲಿಸಬೇಕು ಎಂದದ್ದೂ ಅದೇ ವರದಿ. ಒಳ್ಳೆಯ ಮಾತು. ಆದರೆ ಅದು ಪೊಲೀಸರ ಕೆಲಸದ ಒಂದು ಪಾಲು, ಅದಕ್ಕೆ ಪೊಲೀಸ್ ಬಜೆಟ್ಟಿನಿಂದ ಹಣ ಬರಬೇಕು. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರು ದಾಖಲಿಸಿದ ದ್ವೇಷಾಪರಾಧಗಳು ಸುಮಾರು 1 ಲಕ್ಷ 40 ಸಾವಿರ, ಹತ್ತರಲ್ಲಿ ಏಳು ಜನಾಂಗೀಯವಾದವು. ಇಷ್ಟು ಭಾರದ ಕೆಲಸವನ್ನು ಚಹಾ ಬಿಸ್ಕತ್ತಿನ ಮೇಲೆ ಒಪ್ಪಿಕೊಳ್ಳಬೇಡಿ.

ಎರಡು ಬಲೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಒಳ್ಳೆಯ ಮನಸ್ಸಿನವರೇ ಬೀಳುವ ಬಲೆಗಳು. ಒಂದು, ವೀಸಾ. ‘ಈ ಫಾರಂ ಸ್ವಲ್ಪ ನೋಡಿ ಅಕ್ಕ’ ಎಂದು ಬರುತ್ತಾರೆ. 1999ರ ವಲಸೆ ಮತ್ತು ಆಶ್ರಯ ಕಾಯಿದೆಯ ಪ್ರಕಾರ, ನೋಂದಣಿ ಇಲ್ಲದೆ ವಲಸೆ ವಿಷಯದಲ್ಲಿ ಒಬ್ಬರಿಗೆ ಸಲಹೆ ಕೊಡುವುದು ಅಪರಾಧ, ದುಡ್ಡು ತೆಗೆದುಕೊಳ್ಳದಿದ್ದರೂ. ನೋಂದಾಯಿತ ಸಲಹೆಗಾರರ ಪಟ್ಟಿ ಮೇಜಿನ ಮೇಲಿರಲಿ, ಅಲ್ಲಿಗೆ ಕಳಿಸಿ. ಎರಡು, ಗಡುವು. ಕೆಲಸದ ಜಾಗದ ತಾರತಮ್ಯಕ್ಕೆ ಟ್ರಿಬ್ಯೂನಲ್‌ಗೆ ಹೋಗುವ ಗಡುವು ಬಹುಕಾಲದಿಂದ ಮೂರು ತಿಂಗಳಿಗೆ ಒಂದು ದಿನ ಕಮ್ಮಿ, ಅದಕ್ಕೂ ಮುಂಚೆ ಕೆಲಸದ ಜಗಳಗಳಲ್ಲಿ ರಾಜಿ ಮಾಡಿಸುವ ಸರ್ಕಾರಿ ಸಂಸ್ಥೆ ಆಕಾಸ್‌ನ ಬಾಗಿಲು ತಟ್ಟಲೇಬೇಕು. ಇದನ್ನು ಆರು ತಿಂಗಳಿಗೆ ಏರಿಸುವ ಬದಲಾವಣೆ ನಡೆದಿದೆ, ಯಾವ ತಾರೀಖಿನ ಘಟನೆಗೆ ಯಾವ ಗಡುವು ಎಂದು ಆಕಾಸ್‌ಗೇ ಫೋನ್ ಮಾಡಿ ಕೇಳಿ. ನ್ಯಾಯವಾದ ಕೇಸುಗಳು ‘ಮುಂದಿನ ವಾರ ಮಾತಾಡೋಣ’ ಎಂಬ ಮಾತಿನಲ್ಲಿ ಸತ್ತದ್ದನ್ನು ನೋಡಿದ್ದೇನೆ. ಆ ಕೇರ್ ಹೋಮಿನ ಹೆಣ್ಣುಮಗಳಿಗೆ ನಿಮ್ಮಲ್ಲಿ ಫೋನ್ ತೆಗೆದವರು ಬೇರೇನೂ ಹೇಳದಿದ್ದರೂ ಪರವಾಗಿಲ್ಲ, ಗಡುವು ಹೇಳಿರಬೇಕು.

ಈಗ ಕೌನ್ಸಿಲ್‌ನವರ ಮಾತು. ಎಲ್ಲರ ಸಂಸ್ಥೆಯ ಜೊತೆ ಸೇರಿಬಿಡಿ ಎನ್ನುವುದು ಹೊಸದಲ್ಲ. ಲಂಡನ್ನಿನ ಈಲಿಂಗ್ ಕೌನ್ಸಿಲ್ ಇದೇ ಧಾಟಿಯಲ್ಲಿ, ಕೌಟುಂಬಿಕ ಹಿಂಸೆಯ ಸೇವೆ ಎಲ್ಲರಿಗೂ ಒಂದೇ ಇರಲಿ ಎಂದು, 1979ರಲ್ಲಿ ಶುರುವಾದ ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆಯ ಹಣಕ್ಕೆ ಕೈ ಹಾಕಿತ್ತು. ಏಷ್ಯನ್, ಆಫ್ರೋ-ಕೆರೀಬಿಯನ್ ಹೆಂಗಸರಿಗೆ ಬೇರೆ ಸೇವೆ ಇದ್ದರೆ ಸಮಾನತೆಗೂ ಸೌಹಾರ್ದಕ್ಕೂ ಅಡ್ಡಿ ಎಂಬುದು ಅವರ ವಾದ. 2008ರಲ್ಲಿ ಹೈಕೋರ್ಟಿನ ಮುಂದೆ ಆ ವಾದ ನಿಲ್ಲಲಿಲ್ಲ. ವಿಚಾರಣೆ ನಡೆಯುತ್ತಿರುವಾಗಲೇ ಕೌನ್ಸಿಲ್ ಹಿಂದೆ ಸರಿಯಿತು. ಆದರೂ ನ್ಯಾಯಮೂರ್ತಿ ಮೋಸೆಸ್ ತೀರ್ಪು ಬರೆದರು. ಅಲ್ಪಸಂಖ್ಯಾತರಿಗೆಂದೇ ಇರುವ ಸೇವೆಗೂ ಸಮಾನತೆಗೂ ವಿರೋಧವಿಲ್ಲ, ಸಮಾನತೆಗೆ ಅಂಥ ಸೇವೆ ಬೇಕಾಗಬಹುದು ಎಂಬುದು ಅದರ ತಿರುಳು. ಆ ತೀರ್ಪಿನ ಪ್ರತಿ ನಿಮ್ಮ ಬ್ಯಾಗಿನಲ್ಲಿರಲಿ. ಮುಂದಿನ ಸಭೆಯಲ್ಲಿ, ವಿಲೀನದ ತೀರ್ಮಾನಕ್ಕೆ ಮುಂಚೆ ಅದರ ಪರಿಣಾಮದ ಬಗ್ಗೆ ಏನು ಅಧ್ಯಯನ ಮಾಡಿದ್ದೀರಿ, ತೋರಿಸಿ ಎಂದು ತಣ್ಣಗೆ ಕೇಳಿ.

ಹಾಗಂತ ವಿಲೀನ ಎಂದೂ ಬೇಡ ಎನ್ನುವವನಲ್ಲ ನಾನು. ಪೇರೋಲ್, ಆಫೀಸು, ಪ್ರಿಂಟರ್ ಹಂಚಿಕೊಳ್ಳಿ, ಧಾರಾಳವಾಗಿ. ಯಾವ ದೂರು ಹಿಡಿಯಬೇಕು, ಯಾರನ್ನು ಪ್ರಶ್ನಿಸಬೇಕು ಎನ್ನುವ ತೀರ್ಮಾನವನ್ನು ಮಾತ್ರ ಹಂಚಿಕೊಳ್ಳಬೇಡಿ.

ಚಾರಿಟಿ ಎಂದರೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಹೆದರುವ ಟ್ರಸ್ಟಿಗಳು ನಿಮ್ಮಲ್ಲೂ ಇರಬಹುದು. ಅವರಿಗೊಂದು ಹಳೆಯ ಕಥೆ ಹೇಳಿ. ಜನಾಂಗಗಳ ನಡುವೆ ಸಾಮರಸ್ಯ ಬೆಳೆಸುವುದು ಇಲ್ಲಿ ಧರ್ಮಕಾರ್ಯವೇ ಅಲ್ಲ, ಅದು ರಾಜಕೀಯ ಎಂದು ಕಾನೂನು ಬಹಳ ಕಾಲ ನೋಡಿತು. ಚಾರಿಟಿಗಳನ್ನು ನೋಂದಾಯಿಸಿ ನಿಯಂತ್ರಿಸುವ ಚಾರಿಟಿ ಕಮಿಷನ್ ಮನಸ್ಸು ಬದಲಿಸಿದ್ದು 1983ರಲ್ಲಿ. ಈಗ 2011ರ ಚಾರಿಟೀಸ್ ಕಾಯಿದೆಯಲ್ಲೇ ಜನಾಂಗೀಯ ಸಾಮರಸ್ಯ, ಸಮಾನತೆ ಎಂಬ ಪದಗಳಿವೆ. ಪಕ್ಷಕ್ಕೆ ವೋಟು ಕೇಳುವಂತಿಲ್ಲ. ಕಾನೂನು ಬದಲಿಸಿ ಎಂದು, ಸಂಸ್ಥೆಯ ಉದ್ದೇಶದೊಳಗೆ ಇದ್ದುಕೊಂಡು ಕೇಳಬಹುದು.

ಇನ್ನು ಸಣ್ಣ ಗುಂಪುಗಳ ಜೊತೆಗಿನ ಸಂಬಂಧ. ಇಲ್ಲಿ ಪ್ರಾದೇಶಿಕ ಸಂಸ್ಥೆಗಳು ಮಾಡುವ ಪಾಪ ದೊಡ್ಡದು. ಅರ್ಜಿಯಲ್ಲಿ ‘ಇಪ್ಪತ್ತೆರಡು ಸದಸ್ಯ ಗುಂಪುಗಳು’ ಎಂದು ಬರೆದು ಹಣ ತರುತ್ತಾರೆ, ಆ ಇಪ್ಪತ್ತೆರಡಕ್ಕೆ ಸಿಗುವುದು ನ್ಯೂಸ್‌ಲೆಟರ್. ಸೋಮಾಲಿ ಹೆಂಗಸರ ಗುಂಪು ನಿಮಗೆ ಮಾಹಿತಿ ಕೊಡಲು ಎರಡು ಸಂಜೆ ಕೂತರೆ ಆ ಎರಡು ಸಂಜೆಗೆ ದುಡ್ಡು ಕೊಡಿ, ಮಕ್ಕಳನ್ನು ನೋಡಿಕೊಳ್ಳಲು ಯಾರನ್ನಾದರೂ ಕರೆಸಿ, ಬಸ್ ಚಾರ್ಜ್ ಕೈಗೆ ಕೊಡಿ, ರಸೀದಿಗಾಗಿ ಮೂರು ವಾರ ಅಲೆಸಬೇಡಿ. ವರದಿ ಅಚ್ಚಾದಾಗ ಅವರ ಗುಂಪಿನ ಹೆಸರು ನಿಮ್ಮ ಲೋಗೋದ ಪಕ್ಕದಲ್ಲಿರಲಿ, ಕೊನೆಯ ಪುಟದ ಕೃತಜ್ಞತೆಯಲ್ಲಲ್ಲ. ಕೌನ್ಸಿಲ್ ಸಭೆಗೆ ನಿಮ್ಮ ಮ್ಯಾನೇಜರ್ ಬದಲು ಅವರಲ್ಲೊಬ್ಬರು ಹೋಗಿ ಮಾತಾಡಲಿ, ನಿಮ್ಮವರು ಪಕ್ಕದಲ್ಲಿ ಕೂತು ಕಾಗದ ಎತ್ತಿಕೊಡಲಿ.

1963ರ ಬ್ರಿಸ್ಟಲ್ ನೆನಪಾಗುತ್ತದೆ. ಕರಿಯರನ್ನೂ ಏಷ್ಯನ್ನರನ್ನೂ ಬಸ್ ಸಿಬ್ಬಂದಿಯಾಗಿ ತೆಗೆದುಕೊಳ್ಳುವುದಿಲ್ಲ ಎಂದ ಕಂಪನಿಯ ವಿರುದ್ಧ ಬಹಿಷ್ಕಾರ ಹೂಡಿದವರಿಗೆ ಆಫೀಸಿರಲಿಲ್ಲ, ಮೂರು ವರ್ಷದ ಸ್ಟ್ರಾಟಜಿಯೂ ಇರಲಿಲ್ಲ. ರಾಯ್ ಹ್ಯಾಕೆಟ್ ಮತ್ತವರ ಗೆಳೆಯರು, ಪಾಲ್ ಸ್ಟೀಫನ್‌ಸನ್ ಎಂಬ ಯುವಕ ಕಾರ್ಯಕರ್ತ. ಗೈ ಬೇಲಿ ಎಂಬ ಹುಡುಗನಿಗೆ ಸಂದರ್ಶನ ಗೊತ್ತುಮಾಡಿಸಿದರು. ಅವನು ಕರಿಯ ಎಂದು ತಿಳಿದ ಕೂಡಲೇ ಸಂದರ್ಶನ ರದ್ದಾಯಿತು. ಅಲ್ಲಿಯವರೆಗೆ ಎಲ್ಲರೂ ಬಾಯಲ್ಲಿ ಹೇಳುತ್ತಿದ್ದ ದೂರಿಗೆ ಪುರಾವೆ ಸಿಕ್ಕಿತು. ಏಪ್ರಿಲ್ ಕೊನೆಗೆ ಶುರುವಾದದ್ದು ಆಗಸ್ಟ್ 28ಕ್ಕೆ ಮುಗಿಯಿತು, ಕಂಪನಿ ಬಗ್ಗಿತು. ಎರಡು ವರ್ಷಕ್ಕೆ ಬ್ರಿಟನ್ನಿನ ಮೊದಲ ಜನಾಂಗೀಯ ಸಂಬಂಧಗಳ ಕಾಯಿದೆ ಬಂತು. ನಾನು ಆರು ಕಾಲಮ್ಮಿನ ಹುಚ್ಚು ಹಿಡಿಸಿಕೊಂಡಿರುವುದು ಸುಮ್ಮನೆ ಅಲ್ಲ.

ನಿಮ್ಮ ಬೋರ್ಡಿನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ಕನ್ನಡದಲ್ಲಿ ಕೇಳಿದ್ದೀರಿ, ಹಾಗಾಗಿ ಮನೆಯವರ ಮಾತೊಂದನ್ನು ಆಡಿಬಿಡುತ್ತೇನೆ. ಭಾರತೀಯರು ಇರುವ ಸಂಸ್ಥೆಗೆ ಇವತ್ತಲ್ಲ ನಾಳೆ ಜಾತಿಯ ದೂರು ಬರುತ್ತದೆ. ಆಗ ‘ಅದು ನಮ್ಮೊಳಗಿನ ವಿಷಯ’ ಎನ್ನುವ ಟ್ರಸ್ಟಿ ಒಬ್ಬರಾದರೂ ಸಿಗುತ್ತಾರೆ. ಮಿಲ್ಟನ್ ಕೀನ್ಸ್‌ನ ಭಾರತೀಯ ಮನೆಯೊಂದರಲ್ಲಿ ಮನೆಗೆಲಸಕ್ಕಿದ್ದ ಆದಿವಾಸಿ ಹೆಣ್ಣುಮಗಳು ಪರ್ಮಿಲಾ ಟಿರ್ಕಿ ಹೂಡಿದ ಕೇಸಿನಲ್ಲಿ, ಜಾತಿ ತಾರತಮ್ಯವೂ ಸಂದರ್ಭಕ್ಕೆ ತಕ್ಕಂತೆ ‘ಜನಾಂಗೀಯ ಮೂಲ’ದ ವ್ಯಾಪ್ತಿಗೆ ಬರಬಹುದು ಎಂದು 2014ರ ಡಿಸೆಂಬರಿನಲ್ಲಿ ಮೇಲ್ಮನವಿ ಟ್ರಿಬ್ಯೂನಲ್ ಹೇಳಿತು. 2015ರಲ್ಲಿ ಆಕೆಗೆ ಬಾಕಿ ಕೂಲಿಯೇ 1,83,773 ಪೌಂಡ್ ಕೊಡಬೇಕೆಂದಾಯಿತು. ಕಾಯಿದೆಯಲ್ಲಿ ಜಾತಿ ಎಂಬ ಪದವನ್ನೇ ಸೇರಿಸಲು 2013ರಲ್ಲಿ ಸಂಸತ್ತು ದಾರಿ ಮಾಡಿತ್ತು, 2018ರಲ್ಲಿ ಸರ್ಕಾರ ಹಿಂದೆ ಸರಿಯಿತು. ಥೇಮ್ಸ್ ದಂಡೆಯಲ್ಲಿ, ಲ್ಯಾಂಬೆತ್‌ನಲ್ಲಿ, ಬಸವಣ್ಣನವರ ಪ್ರತಿಮೆ ನಿಂತಿರುವುದು 2015ರಿಂದ. ಅಲ್ಲಿ ಫೋಟೋ ತೆಗೆಸಿಕೊಳ್ಳುವ ನಾವು ಬೋರ್ಡ್ ರೂಮಿನಲ್ಲಿ ಕೂತಾಗ ಯಾವ ದೂರಿಗೆ ಕಿವಿ ಮುಚ್ಚುತ್ತೇವೆ ಎಂಬುದನ್ನು ಇಡೀ ಊರು ನೋಡುತ್ತಿರುತ್ತದೆ. ಆ ದೂರನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಈಗಲೇ, ದೂರು ಬರುವ ಮೊದಲೇ, ಒಂದು ಪುಟದಲ್ಲಿ ಬರೆದಿಡಿ.

ಎದುರಿಗೆ ಕೂರುವವರು ಹೋದರು ಎಂದೆನಲ್ಲ, ಈಗ ಬೇರೆಯವರು ಬಂದಿದ್ದಾರೆ. ಮಿಡಲ್ಸ್‌ಬರೋ ಸೇರಿದ ಟೀಸ್ ವ್ಯಾಲಿಗೆ 2017ರಿಂದ ಚುನಾಯಿತ ಮೇಯರ್ ಇದ್ದಾರೆ, ಅದರ ಉತ್ತರದ ಭಾಗಕ್ಕೆ 2024ರಿಂದ. ಆರೋಗ್ಯದ ಹಣ 2022ರ ಜುಲೈಯಿಂದ ಇಂಟಿಗ್ರೇಟೆಡ್ ಕೇರ್ ಬೋರ್ಡ್ ಕೈಯಲ್ಲಿದೆ. ನಿಮ್ಮ ಮ್ಯಾನೇಜರ್ ತಿಂಗಳಿಗೆ ಎಷ್ಟು ಸಭೆಗೆ ಹೋಗುತ್ತಾರೆ ಎಣಿಸಿ. ಹನ್ನೆರಡಿದ್ದರೆ ಹತ್ತನ್ನು ಬಿಡಿಸಿ. ‘ಸಮುದಾಯದ ದನಿ’ ಬೇಕು ಎಂದು ಕರೆದು ಮೂಲೆಯಲ್ಲಿ ಕೂರಿಸುವ ಸಭೆಗೆ ನಯವಾಗಿ ಪತ್ರ ಬರೆದು ಬರುವುದಿಲ್ಲ ಎನ್ನಿ. ಹಣ ಹಂಚುವ ಸಭೆ ಒಂದು, ನಿಯಮ ಬರೆಯುವ ಸಭೆ ಒಂದು, ಇವೆರಡಕ್ಕೆ ಎರಡು ಹಾಳೆ ಹಿಡಿದು ಹೋದರೆ ಸಾಕು. ಉಳಿದ ದಿನಗಳೇ ನೀವು ಹುಡುಕುತ್ತಿರುವ ಕೆಪ್ಯಾಸಿಟಿ.

ಮಾರ್ಚ್‌ಗೆ ಮುಂಚೆ ಇಷ್ಟು ಮಾಡಿ. ಮ್ಯಾನೇಜರ್ ಮೊಬೈಲಿನ ನಂಬರುಗಳಿಗೆ ಹೆಸರು, ಊರು, ಹೇಗೆ ಪರಿಚಯ ಎಂಬ ಒಂದು ಸಾಲು ಸೇರಿಸಿ ಪಟ್ಟಿ ಮಾಡಿಸಿ, ಇಬ್ಬರೂ ಕೂತರೆ ನಾಲ್ಕು ಮಧ್ಯಾಹ್ನದ ಕೆಲಸ. ಪಾರ್ಟ್‌ಟೈಮ್ ಹುಡುಗನ ವಾರದ ಗಂಟೆಯಲ್ಲಿ ಐದು ಗಂಟೆ ದೂರು ದಾಖಲಿಸುವುದಕ್ಕೇ ಮೀಸಲಿಡಿ, ಅದನ್ನು ಬೋರ್ಡಿನ ನಿರ್ಣಯವಾಗಿ ಬರೆಯಿಸಿ, ಇಲ್ಲದಿದ್ದರೆ ಫೋಟೋಕಾಪಿ ತೆಗೆಯಲು ಕಳಿಸುತ್ತಾರೆ. ಈಗಿರುವ ಪ್ರತಿ ಗ್ರಾಂಟಿಗೂ ಮೇಲೆ ಹೇಳಿದ ಲೆಕ್ಕ ಹಾಕಿ, ನಷ್ಟದ್ದು ಯಾವುದೆಂದು ಖಜಾಂಚಿ ಹತ್ತಿರವೇ ಹೇಳಿಸಿ. ಬಾಗಿಲು ಹಾಕುವ ಸ್ಥಿತಿ ಬಂದರೆ ಸಿಬ್ಬಂದಿಗೆ ಕೊಡಬೇಕಾದದ್ದು, ಬಾಡಿಗೆ ನೋಟಿಸ್ ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಕಂಡುಕೊಂಡು ಅಷ್ಟನ್ನು ರಿಸರ್ವ್ ಆಗಿ ಮುಟ್ಟದೆ ಇಡಿ. ಆ ಕೇರ್ ಹೋಮಿನ ಕರೆಯಂಥದೊಂದನ್ನು ಪ್ರತಿ ಬೋರ್ಡ್ ಸಭೆಯ ಮೊದಲ ವಿಷಯವಾಗಿ ಇಟ್ಟುಕೊಳ್ಳಿ, ಹಿಂದಿನ ಸಭೆಯ ಕರೆ ಎಲ್ಲಿಗೆ ಬಂತು ಎಂದು ಕೇಳಿಕೊಂಡು.

ಎಂಟನೇ ತರಬೇತಿಗೆ ಹೋಗಬೇಡಿ. ಅದು ಸ್ಪ್ರೆಡ್‌ಶೀಟಿನದಾಗಿದ್ದರೆ ಮಾತ್ರ ಆ ಹುಡುಗನನ್ನು ಕಳಿಸಿ, ಆ ದಿನದ ಸಂಬಳ ಯಾರು ಕೊಡುತ್ತಾರೆ ಎಂದು ಕರೆದವರನ್ನು ಮೊದಲೇ ಕೇಳಿ.